ಬಿಸಿಲೇರಿದರೆ ಹೊಳೆ ತಣ್ಣಗಾಗುತ್ತದೆ: ಚಳಿಗಾಲದ ಕೊನೆಯಲ್ಲಿ ಟ್ರೌಟ್ ಹಿಡಿಯುವ ಕಷ್ಟ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಳಿಗಾಲದ ಮೀನು ಹಿಡಿಯೋದು ಅಂದ್ರೆ ಜನಕ್ಕೆ ನೆನಪಾಗುವುದು ಹೆಪ್ಪುಗಟ್ಟಿದ ಕೆರೆ. ಅದರ ಮೇಲೆ ಸಣ್ಣ ಗುಡಾರ, ಕೊರೆದ ತೂತು, ಪಕ್ಕದಲ್ಲೊಂದು ಹೀಟರ್. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಇದೇ ರಾಜ್ಯದ ನೈಋತ್ಯ ಮೂಲೆಯಲ್ಲಿ, ಜನವರಿಯ ಮೈನಸ್ ಇಪ್ಪತ್ತು ಡಿಗ್ರಿಯಲ್ಲೂ ನಿಲ್ಲದೆ ಹರಿಯುವ ಸಣ್ಣ ಸಣ್ಣ ಹೊಳೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಟ್ರೌಟ್ ಅನ್ನುವ ತಣ್ಣೀರಿನ ಮೀನು ಇದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಕೊನೆವರೆಗೆ, ಚಳಿ ಹೋಗಲೋ ಬೇಡವೋ ಅಂತ ಎಳೆದಾಡುವ ಆ ನಾಲ್ಕೈದು ವಾರ, ಆ ಹೊಳೆಗಳಲ್ಲಿ ನಿಂತು ಗಾಳ ಹಾಕುವುದು ನನಗೆ ವರ್ಷದ ಬೇರೆ ಯಾವ ಕಾಲಕ್ಕಿಂತಲೂ ಇಷ್ಟ. ಕಷ್ಟವೂ ಆಗಲೇ ಜಾಸ್ತಿ.

ಕಷ್ಟ ಅಂದ ಕೂಡಲೇ ಎಲ್ಲರೂ "ಚಳಿ ಅಲ್ವಾ" ಅನ್ನುತ್ತಾರೆ. ಚಳಿಗೆ ಬಟ್ಟೆ ಇದೆ. ನಿಜವಾದ ತೊಂದರೆ ಶುರುವಾಗುವುದು ಬಿಸಿಲು ಬಂದಾಗ.

ಇದು ಅರ್ಥವಾಗಬೇಕಾದರೆ ಈ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಈ ಭಾಗಕ್ಕೆ ಡ್ರಿಫ್ಟ್‌ಲೆಸ್ ಅಂತ ಹೆಸರು. ಕೊನೆಯ ಹಿಮಯುಗದಲ್ಲಿ ಉತ್ತರದಿಂದ ಇಳಿದ ಹಿಮನದಿಗಳು ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಸಮ ಮಾಡಿದವು, ಈ ತುಂಡನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ ವಿಸ್ಕಾನ್ಸಿನ್, ಮಿನೆಸೋಟ, ಅಯೋವ, ಇಲಿನಾಯ್ ಸೇರುವ ಈ ಜಾಗದಲ್ಲಿ ಕಡಿದಾದ ಗುಡ್ಡಗಳು, ಇಕ್ಕಟ್ಟಾದ ಕಣಿವೆಗಳು ಹಾಗೇ ಉಳಿದಿವೆ. ಕೆಳಗೆ ಮರಳುಗಲ್ಲು, ಸುಣ್ಣದ ಅಂಶದ ಡಾಲಮೈಟ್ ಕಲ್ಲು. ಮಳೆ ನೀರು, ಹಿಮದ ನೀರು ಆ ಕಲ್ಲಿನ ಬಿರುಕುಗಳಲ್ಲಿ ಇಂಗಿ ಎಷ್ಟೋ ದಿನದ ಮೇಲೆ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಆ ನೀರಿಗೆ ಬೇಸಿಗೆ, ಚಳಿಗಾಲ ಅಂತ ಭೇದವಿಲ್ಲ. ವರ್ಷವಿಡೀ ಸುಮಾರು 9 ಡಿಗ್ರಿ ಸೆಲ್ಸಿಯಸ್. ಜುಲೈನಲ್ಲಿ ಅದು ಮೀನಿಗೆ ತಂಪು, ಜನವರಿಯಲ್ಲಿ ಅದೇ ಬಿಸಿ. ಕೊರೆಯುವ ಬೆಳಿಗ್ಗೆ ಒರತೆಯ ಬಾಯಿಯ ಹತ್ತಿರ ಹೋದರೆ ನೀರಿನ ಮೇಲೆ ಆವಿ ಎದ್ದಿರುತ್ತದೆ, ಸುತ್ತ ಎಲ್ಲ ಬಿಳಿ, ಆ ನೀರಿನಲ್ಲಿ ಮಾತ್ರ ವಾಟರ್‌ಕ್ರೆಸ್ ಸೊಪ್ಪು ಹಚ್ಚ ಹಸಿರಾಗಿ ನಿಂತಿರುತ್ತದೆ. ಮಲೆನಾಡಿನವರಿಗೆ ಒರತೆ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಇಡೀ ನಾಡಿನ ಮೀನು ಚಳಿಗಾಲದಲ್ಲಿ ಬದುಕಿ ಉಳಿಯುವುದೇ ಒರತೆಯಿಂದ ಅನ್ನುವುದನ್ನು ನಾನು ಇಲ್ಲಿಗೆ ಬಂದ ಮೇಲೆಯೇ ನೋಡಿದ್ದು.

ಒರತೆಯಿಂದ ಕೆಳಗೆ ಹೋದಂತೆಲ್ಲ ನೀರು ತಣ್ಣಗಾಗುತ್ತಾ ಹೋಗುತ್ತದೆ. ಒಂದೆರಡು ಮೈಲಿ ಕೆಳಗೆ 5 ಡಿಗ್ರಿ ಇರಬಹುದು, ಇನ್ನೂ ಕೆಳಗೆ 2. ಟ್ರೌಟ್ ತಣ್ಣನೆ ರಕ್ತದ ಪ್ರಾಣಿ. ನೀರು ಎಷ್ಟು ಡಿಗ್ರಿಯೋ ಅದರ ಮೈಯೂ ಅಷ್ಟೇ. ನೀರು 4 ಡಿಗ್ರಿಗಿಂತ ಕೆಳಗಿಳಿದರೆ ಅದರ ಜೀರ್ಣಶಕ್ತಿ ತೀರಾ ನಿಧಾನವಾಗುತ್ತದೆ, ಓಡಾಟ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಸೆಳವಿನ ನಡುವೆ ನಿಂತು ಬಂದದ್ದಕ್ಕೆಲ್ಲ ಬಾಯಿ ಹಾಕುವ ಮೀನು ಈಗ ಮಡುವಿನ ತಳದಲ್ಲಿ, ನೀರು ಅಲ್ಲಾಡಿಯೂ ಅಲ್ಲಾಡದ ಜಾಗದಲ್ಲಿ ಸುಮ್ಮನೆ ಇರುತ್ತದೆ. ಮದುವೆ ಊಟ ಮುಗಿಸಿ ಜಗಲಿಯಲ್ಲಿ ಒರಗಿದವರ ಥರ: ಬಾಯಿಗೆ ತಂದಿಟ್ಟರೆ ತಿಂದಾರು, ಎದ್ದು ಹೋಗಿ ತರಲಾರರು. ನೀರು 4ರಿಂದ 6 ಡಿಗ್ರಿಗೆ ಏರಿದರೆ ಸಾಕು, ಅದೇ ಮೀನು ಎದ್ದು ಮಡುವಿನ ತಲೆಯ ಕಡೆಗೆ, ಅಂದ್ರೆ ನೀರು ಒಳಗೆ ಬಂದು ಬೀಳುವ ಕಡೆಗೆ ಬರುತ್ತದೆ. ಒಂದೆರಡು ಡಿಗ್ರಿಯ ಆಟ ಇದು. ಹಾಗಾಗಿ ಈ ಕಾಲದಲ್ಲಿ ನನ್ನ ಜೇಬಿನಲ್ಲಿರುವ ಅತಿ ಮುಖ್ಯ ವಸ್ತು ದಾರಕ್ಕೆ ಕಟ್ಟಿದ ಒಂದು ಥರ್ಮಾಮೀಟರ್.

ಈಗ ಬಿಸಿಲಿನ ವಿಷಯ. ಮಾರ್ಚ್ ಮೊದಲ ವಾರ ಅಂತಿಟ್ಟುಕೊಳ್ಳಿ. ಎರಡು ವಾರ ಮೋಡ ಕವಿದು, ಹಿಮ ಬಿದ್ದು, ಕೊನೆಗೊಂದು ಶನಿವಾರ ಆಕಾಶ ತೆರೆದುಕೊಳ್ಳುತ್ತದೆ. ಹವಾಮಾನದವರು 8 ಡಿಗ್ರಿ ಅನ್ನುತ್ತಾರೆ. ರಾಜಧಾನಿ ಮ್ಯಾಡಿಸನ್‌ನಲ್ಲಿ ಮನೆಯಲ್ಲಿ ಕೂತವರಿಗೆಲ್ಲ ಅನ್ನಿಸುವುದು, ಇವತ್ತು ಮೀನಿಗೂ ಹಬ್ಬ ಅಂತ. ಅಂಥದೊಂದು ದಿನ ನಾನು ಕೂನ್ ವ್ಯಾಲಿ ಹತ್ತಿರದ ಟಿಂಬರ್ ಕೂಲಿ ಹೊಳೆಯಲ್ಲಿದ್ದೆ. ಹನ್ನೊಂದು ಗಂಟೆಗೆ ನೀರು 5 ಡಿಗ್ರಿ ದಾಟಿತ್ತು. ಹನ್ನೆರಡೂವರೆಗೆ 7ರ ಹತ್ತಿರ. ನೀರು ಗಾಜು. ಒಂದು ಮಡುವಿನ ತಲೆಯಲ್ಲಿ ಬ್ರೌನ್ ಟ್ರೌಟ್ ಒಂದರ ಹಿಂದೊಂದು ಬಂದು ಕಚ್ಚಿದವು. ಒಂದು ಮುಕ್ಕಾಲಿನ ಹೊತ್ತಿಗೆ ಎಡದಂಡೆಯ ಗುಡ್ಡದಿಂದ ಒಂದು ಕೊರಕಲು ಸದ್ದು ಮಾಡಲು ಶುರುಮಾಡಿತು. ಬೆಳಿಗ್ಗೆ ಅದು ಒಣಗಿತ್ತು, ಈಗ ಬೆರಳಗಲದ ನೀರು. ಅರ್ಧ ಗಂಟೆಯಲ್ಲಿ ಅದು ಅಂಗೈಯಗಲವಾಯಿತು. ಹೊಳೆಯ ನೀರಿಗೆ ತೆಳುವಾಗಿ ಹಾಲು ಬೆರೆಸಿದ ಬಣ್ಣ ಬಂತು. ಥರ್ಮಾಮೀಟರ್ ಇಳಿಬಿಟ್ಟೆ: 5. ಮೂರು ಗಂಟೆಗೆ 4ಕ್ಕಿಂತ ಕೆಳಗೆ. ಗಾಳಿಯಲ್ಲಿ ಜಾಕೆಟ್ ಬಿಚ್ಚುವಷ್ಟು ಬೆಚ್ಚಗಿದೆ, ಕಾಲ ಕೆಳಗಿನ ನೀರು ತಣ್ಣಗಾಗುತ್ತಾ ಹೋಗುತ್ತಿದೆ. ಆಮೇಲೆ ಒಂದೇ ಒಂದು ಮೀನೂ ಮುಟ್ಟಲಿಲ್ಲ.

ಕಾರಣ ಸರಳ. ಕರಗುವ ಹಿಮದ ನೀರು 0 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗುಡ್ಡದ ತುಂಬ ಇರುವ ಹಿಮ ಒಮ್ಮೆಲೇ ಕರಗಿದರೆ ಅದೆಲ್ಲ ಹೊಳೆಗೇ ಬರಬೇಕು, ಯಾಕೆಂದರೆ ನೆಲ ಇನ್ನೂ ಒಳಗೆ ಹೆಪ್ಪುಗಟ್ಟಿದೆ, ನೀರು ಇಂಗುವುದಿಲ್ಲ. ಒರತೆ ಕೊಟ್ಟ ಶಾಖವನ್ನು ಬಿಸಿಲೇ ಕಸಿದುಕೊಂಡಂತಾಗುತ್ತದೆ. ನೀರಿಗೆ ಬಣ್ಣ ಬಂದಿದ್ದರಿಂದ ಮೀನು ಕಚ್ಚುತ್ತಿಲ್ಲ ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಬಣ್ಣ ಬಂದರೆ ಒಳ್ಳೆಯದೇ, ಮೀನಿಗೆ ನಾವು ಕಾಣುವುದಿಲ್ಲ. ಕೆಡಿಸುವುದು ಆ ಎರಡು ಮೂರು ಡಿಗ್ರಿ.

ಹಾಗಾದರೆ ಒಳ್ಳೆಯ ದಿನ ಯಾವುದು? ನೋಡಲು ಬೇಜಾರು ಹಿಡಿಸುವ ದಿನ. ಬೂದು ಆಕಾಶ, ಗಾಳಿ ಕಡಿಮೆ, ಹಿಂದಿನ ರಾತ್ರಿ ತೀರಾ ಕೊರೆದಿಲ್ಲ, ಮಧ್ಯಾಹ್ನ 2-3 ಡಿಗ್ರಿ, ಹಿಮ ತೊಟ್ಟಿಕ್ಕುತ್ತಿದೆಯೇ ಹೊರತು ಹರಿಯುತ್ತಿಲ್ಲ. ಬಿಸಿಲೇ ಸಿಕ್ಕಿದರೆ ಹನ್ನೊಂದರಿಂದ ಒಂದೂವರೆವರೆಗೆ ಪೂರ್ತಿ ಕೆಲಸ ಮಾಡಬೇಕು, ಕರಗು ನೀರು ಶುರುವಾದ ಕೂಡಲೇ ಮೇಲಕ್ಕೆ, ಒರತೆಯ ಹತ್ತಿರಕ್ಕೆ, ಕೊರಕಲುಗಳು ಸೇರುವ ಜಾಗಕ್ಕಿಂತ ಮೇಲಕ್ಕೆ ಹೋಗಿಬಿಡಬೇಕು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಹಿಮ ಮೊದಲು ಕರಗುತ್ತದೆ, ಉತ್ತರಕ್ಕೆ ಮುಖ ಮಾಡಿದ್ದು ವಾರಗಟ್ಟಲೆ ಹಾಗೇ ಇರುತ್ತದೆ. ನಕ್ಷೆಯಲ್ಲಿ ಕಣಿವೆ ಯಾವ ಕಡೆ ತಿರುಗಿದೆ ಅಂತ ನೋಡಿಕೊಂಡು ಹೊರಡುವುದು ಹುಚ್ಚು ಅನ್ನಿಸಬಹುದು. ಈ ಕಾಲದಲ್ಲಿ ಅದೇ ಅರ್ಧ ಕೆಲಸ. ಕೆಲವು ಹೊಳೆಗಳ ಮೇಲೆ ಅಮೆರಿಕದ ಭೂವಿಜ್ಞಾನ ಸಮೀಕ್ಷೆ (ಯುಎಸ್‌ಜಿಎಸ್) ಇಲಾಖೆಯವರ ಅಳತೆ ಕೇಂದ್ರಗಳಿವೆ. ಮ್ಯಾಡಿಸನ್ ಪಕ್ಕದ ಬ್ಲ್ಯಾಕ್ ಅರ್ತ್ ಕ್ರೀಕ್‌ನಲ್ಲೂ ಒಂದಿದೆ. ನೀರಿನ ಮಟ್ಟದ ಗೆರೆ ಮಧ್ಯಾಹ್ನ ಏರಿ ರಾತ್ರಿ ಇಳಿಯುವುದನ್ನು ಮೊಬೈಲ್‌ನಲ್ಲೇ ನೋಡಬಹುದು. ಆ ಏರಿಳಿತ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ಹಿಮ ಕರಗುತ್ತಿದೆ ಅಂತಲೇ.

ಎಲ್ಲಕ್ಕಿಂತ ಕೆಟ್ಟದ್ದು ಹೆಪ್ಪುಗಟ್ಟಿದ ನೆಲದ ಮೇಲೆ ಬೀಳುವ ಮಳೆ. ಫೆಬ್ರವರಿ ಕೊನೆಯಲ್ಲಿ ಇದು ಆಗುತ್ತಲೇ ಇರುತ್ತದೆ. ಮಳೆಯೂ ಹಿಮವೂ ಸೇರಿ ಬಗ್ಗಡದ ನೀರು ದಂಡೆ ತುಂಬಿ ಬರುತ್ತದೆ. ಅದರ ಜೊತೆಗೆ ಇನ್ನೊಂದು ಬರುತ್ತದೆ: ಸಗಣಿ. ಇದು ಹಾಲಿನ ನಾಡು. ಹೆಪ್ಪುಗಟ್ಟಿದ ಹೊಲದ ಮೇಲೆ ಹರಡಿದ ಸಗಣಿ ಗೊಬ್ಬರ ಮಣ್ಣಿಗೆ ಸೇರದೆ ನೇರವಾಗಿ ಹೊಳೆಗೆ ಇಳಿದರೆ ಅದರ ಅಮೋನಿಯ ಮೀನನ್ನು ಕೊಲ್ಲುತ್ತದೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ನನಗೆ ಈ ವಿಷಯದಲ್ಲಿ ಸಿಟ್ಟಿದೆ. ಎಲ್ಲ ರೈತರ ಮೇಲೂ ಅಲ್ಲ, ಅವರಲ್ಲಿ ಎಷ್ಟೋ ಜನ ಹೊಳೆಯನ್ನು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಇಳಿಜಾರಿನ ಹೊಲಕ್ಕೆ, ಮಾರನೇ ದಿನ ಮಳೆ ಬರುತ್ತದೆ ಅಂತ ಗೊತ್ತಿದ್ದೂ ಗೊಬ್ಬರ ಹರಡುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಈ ಕಣಿವೆಗಳಿಗೆ ಮಣ್ಣು ಕಳೆದುಕೊಳ್ಳುವುದು ಹೊಸದೂ ಅಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕಡಿದಾದ ಗುಡ್ಡಗಳನ್ನೆಲ್ಲ ಮೇಲಿಂದ ಕೆಳಕ್ಕೆ ಉತ್ತು, ದನ ಮೇಯಿಸಿ, ಕೂನ್ ವ್ಯಾಲಿಯ ಹೊಳೆಗಳು ಕೆಸರಲ್ಲಿ ಹೂತುಹೋಗಿದ್ದವು. 1933ರಲ್ಲಿ ಅಮೆರಿಕದ ಮೊತ್ತಮೊದಲ ಜಲಾನಯನ ಮಣ್ಣು ಸಂರಕ್ಷಣಾ ಯೋಜನೆ ಶುರುವಾದದ್ದು ಇಲ್ಲೇ. ನಿರುದ್ಯೋಗಿ ಹುಡುಗರ ಶಿಬಿರಗಳು ಬಂದವು, ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಬೆಳೆ ಇಡುವುದನ್ನು ರೈತರು ಕಲಿತರು, ಗುಡ್ಡದ ತಲೆಗಳಲ್ಲಿ ಕಾಡು ಮತ್ತೆ ಬಂತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಕೂಡ ಆ ಕೆಲಸದಲ್ಲಿ ತೊಡಗಿದ್ದರು. ನೀರು ಓಡುವ ಬದಲು ಇಂಗತೊಡಗಿದ ಮೇಲೆ ಒರತೆಗಳು ಗಟ್ಟಿಯಾದವು, ಮಾರ್ಚ್‌ನ ಪ್ರವಾಹಗಳು ತಗ್ಗಿದವು. ಇವತ್ತು ಆ ಹೊಳೆಗಳಲ್ಲಿ ಚಳಿಗಾಲದಲ್ಲೂ ಕಾಡು ಟ್ರೌಟ್ ಹುಟ್ಟಿ ಬೆಳೆಯುವುದು ಆ ಕೆಲಸದ ಫಲ. ಗುಡ್ಡದ ಮೇಲಿನ ಬಾಗಿದ ಹೊಲದ ಪಟ್ಟಿಗಳನ್ನು ಹಿಮದ ಮೇಲೆ ಈಗಲೂ ಗುರುತಿಸಬಹುದು, ನಾನು ಪ್ರತಿ ಸಲ ಕಾರು ನಿಲ್ಲಿಸಿ ನೋಡುತ್ತೇನೆ. ಅದೇ ಕಣಿವೆಯಲ್ಲಿ 2018ರ ಆಗಸ್ಟ್ ಕೊನೆಯ ಮಳೆಗೆ, ಪಕ್ಕದ ವೆಸ್ಟ್ ಫೋರ್ಕ್ ಕಿಕಪೂ ಜಲಾನಯನವೂ ಸೇರಿ, ಪ್ರವಾಹ ತಡೆಯುವ ಐದು ಸಣ್ಣ ಅಣೆಕಟ್ಟುಗಳು ಒಡೆದವು ಅನ್ನುವುದೂ ನಿಜ. ಮಳೆ ಬದಲಾಗುತ್ತಿದೆ. ಮಣ್ಣಿನ ಕೆಲಸ ಮುಗಿದಿಲ್ಲ.

ಸರಿ, ಹೊಳೆಗೆ ಇಳಿಯೋಣ.

ಮೊದಲ ತಲೆನೋವು ಗಾಳದ ಕೋಲಿನದ್ದು. ಫ್ಲೈ ರಾಡ್‌ನ, ಅಂದ್ರೆ ಕೃತಕ ಹುಳು ಎಸೆಯುವ ಕೋಲಿನ, ಉದ್ದಕ್ಕೂ ದಾರ ಹಾದುಹೋಗುವ ಸಣ್ಣ ಉಂಗುರಗಳಿರುತ್ತವೆ. ಗಾಳಿ 0 ಡಿಗ್ರಿಗಿಂತ ಕೆಳಗಿದ್ದರೆ, ದಾರವನ್ನು ಒಳಗೆಳೆದಾಗ ಅದರ ಮೇಲಿನ ನೀರು ಉಂಗುರದಲ್ಲಿ ಉಳಿದು ಹೆಪ್ಪುಗಟ್ಟುತ್ತದೆ. ಮೊದಲು ಉಂಗುರದ ಒಳ ಅಂಚಿಗೆ ಒಂದು ತೆಳು ಪದರ. ಮತ್ತೆ ಎಳೆದರೆ ಇನ್ನೊಂದು. ನೋಡನೋಡುತ್ತ ತುದಿಯ ಉಂಗುರದ ನಡುವೆ ದಾರ ಹೋಗುವಷ್ಟೇ ತೂತು ಉಳಿಯುತ್ತದೆ, ಸುತ್ತ ಪಾರದರ್ಶಕ ಮಣಿ. ಕೊನೆಗೆ ಅದೂ ಮುಚ್ಚುತ್ತದೆ. ಆ ಹೊತ್ತಿಗೇ ದೊಡ್ಡ ಮೀನು ಸಿಕ್ಕಿ ಓಡಿದರೆ ದಾರ ಹೊರಗೆ ಹೋಗದೆ ತುಂಡಾಗುತ್ತದೆ. ಉಗುರಿನಿಂದ ಚಿವುಟಿ ತೆಗೆಯಲು ಹೋಗಬೇಡಿ, ಉಂಗುರ ಮುರಿಯುತ್ತದೆ. ಕೋಲಿನ ತುದಿಯನ್ನು ಹೊಳೆಯಲ್ಲೇ ಅದ್ದಿ ಸ್ವಲ್ಪ ಹೊತ್ತು ಹಿಡಿಯಿರಿ, ನೀರು ಗಾಳಿಗಿಂತ ಬೆಚ್ಚಗಿದೆ, ಮಣಿ ಕರಗಿ ಬೀಳುತ್ತದೆ. ತುಟಿಗೆ ಹಚ್ಚುವ ಮುಲಾಮು ಅಥವಾ ವ್ಯಾಸಲೀನ್ ಹಚ್ಚಿದರೆ ಸ್ವಲ್ಪ ತಡವಾಗುತ್ತದೆ ಅಷ್ಟೇ. ನನಗೆ ಸರಿಹೋದದ್ದು ದಾರವನ್ನು ಎಳೆಯುವುದನ್ನೇ ಕಡಿಮೆ ಮಾಡುವುದು. ಹತ್ತಿರ ಹೋಗಿ, ಒಂದೇ ಅಳತೆಯ ದಾರ ಹೊರಗಿಟ್ಟು, ಕೋಲನ್ನು ಎತ್ತಿ ಹಾಕುವುದು. ಜಪಾನಿನ ಟೆಂಕಾರ ಕೋಲು ಇದಕ್ಕೆ ಬಹಳ ಒಳ್ಳೆಯದು. ಅದಕ್ಕೆ ಉಂಗುರವೂ ಇಲ್ಲ, ರೀಲೂ ಇಲ್ಲ, ತುದಿಗೇ ದಾರ ಕಟ್ಟುವುದು.

ಹತ್ತಿರ ಹೋಗುವುದು ಅಂದೆ, ಅದೇನು ಸುಲಭ ಅಲ್ಲ. ಚಳಿಗಾಲದ ಕೊನೆಯಲ್ಲಿ, ಕರಗು ನೀರು ಬಾರದ ದಿನ, ಹೊಳೆ ವರ್ಷದಲ್ಲೇ ಅತಿ ಕಡಿಮೆ, ಅತಿ ತಿಳಿ. ದಂಡೆಯ ಹುಲ್ಲೆಲ್ಲ ಒಣಗಿ ಮಲಗಿರುತ್ತದೆ, ಮರಗಳಲ್ಲಿ ಎಲೆ ಇಲ್ಲ, ಹಿಂದೆ ಬಿಳಿ ಹಿಮ. ಅದರ ಮುಂದೆ ನಿಂತ ಮನುಷ್ಯ ಮೀನಿಗೆ ಎದ್ದು ಕಾಣುತ್ತಾನೆ. ಸೂರ್ಯ ಕೆಳಗಿರುವುದರಿಂದ ನೆರಳು ಮಾರುದ್ದ. ಮೊಣಕಾಲೂರಿ ಹಿಮದಲ್ಲಿ ತೆವಳಬೇಕು, ಕೆಳಗಿನಿಂದ ಮೇಲಕ್ಕೆ ಬರಬೇಕು, ಮೊದಲ ಎಸೆತವೇ ಸರಿಯಾಗಿ ಬೀಳಬೇಕು. ಬಣ್ಣದ ಜಾಕೆಟ್ ಹಾಕಿಕೊಂಡು ದಂಡೆಯ ಮೇಲೆ ನಡೆದುಕೊಂಡು ಹೋಗುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಅವರ ಮುಂದಿನ ಮಡುವಿನಲ್ಲಿದ್ದ ಮೀನು ಆಗಲೇ ದಂಡೆಯ ಕೆಳಗಿನ ಪೊಟರೆ ಸೇರಿರುತ್ತದೆ. ಪೊಟರೆ ಅಂದ್ರೆ ಬರೀ ಸಹಜವಾದದ್ದಲ್ಲ. ಇಲ್ಲಿನ ಎಷ್ಟೋ ಹೊಳೆಗಳಲ್ಲಿ ದಂಡೆಯ ಕೆಳಗೆ ಓಕ್ ಹಲಗೆಯ ಚೌಕಟ್ಟು ಹೂತು, ಮೇಲೆ ಕಲ್ಲು ಮಣ್ಣು ಮುಚ್ಚಿ ಮೀನಿಗೆ ಮನೆ ಕಟ್ಟಿದ್ದಾರೆ. ಲಂಕರ್ ಅನ್ನುತ್ತಾರೆ. ಮೇಲೆ ಹುಲ್ಲು ಬೆಳೆದ ಮೇಲೆ ಗೊತ್ತೇ ಆಗುವುದಿಲ್ಲ. ಚಳಿಗಾಲದಲ್ಲಿ ಮೀನು ಅದರೊಳಗೆ ಗುಂಪಾಗಿ ಇರುತ್ತದೆ.

ಇನ್ನು ಕಚ್ಚುವುದು. ತಣ್ಣೀರಿನ ಟ್ರೌಟ್ ಎಳೆಯುವುದಿಲ್ಲ. ಬಾಯಿ ತೆರೆದು ಮುಚ್ಚುತ್ತದೆ, ಅಷ್ಟೇ. ದಾರಕ್ಕೆ ಕಟ್ಟಿದ ಬೆಂಡು ಮುಳುಗುವುದಿಲ್ಲ, ಒಂದು ಕ್ಷಣ ನಿಂತಂತಾಗಿ ಮತ್ತೆ ಸಾಗುತ್ತದೆ. ತಳಕ್ಕೆ ತಾಗಿತೇನೋ ಅನ್ನಿಸುತ್ತದೆ. ಅಂಥ ಪ್ರತಿಯೊಂದು ಅನುಮಾನಕ್ಕೂ ಕೋಲನ್ನು ಮೆಲ್ಲಗೆ ಎತ್ತಿ ನೋಡಲೇಬೇಕು. ಇನ್ನೊಂದು ವಿಷಯ, ಹೊಳೆಯ ಮೇಲ್ಪದರದ ನೀರು ಜೋರಾಗಿ ಹರಿಯುತ್ತದೆ, ತಳದ್ದು ನಿಧಾನ. ಮೇಲಿನ ದಾರ ಕೆಳಗಿನ ಹುಳುವನ್ನು ಎಳೆದುಕೊಂಡು ಹೋದರೆ ಅದು ಮೀನಿನ ಮುಂದೆ ಓಡುತ್ತದೆ. ಬೇಸಿಗೆಯ ಮೀನು ಬೆನ್ನಟ್ಟೀತು, ಮಾರ್ಚ್‌ನದ್ದು ಬೆನ್ನಟ್ಟುವುದಿಲ್ಲ. ಅದಕ್ಕೇ ಟಂಗ್‌ಸ್ಟನ್ ಮಣಿ ಇರುವ ಭಾರದ ನಿಂಫ್ (ನೀರೊಳಗಿನ ಹುಳುಮರಿಯ ನಕಲು) ಕಟ್ಟಿ ತಳಕ್ಕೆ ಇಳಿಸಿ, ತಳದ ನೀರಿನ ವೇಗದಲ್ಲೇ ಅದರ ಮೂಗಿನ ಮುಂದೆ ಸಾಗಿಸಬೇಕು. ಅರ್ಧ ಅಡಿ ಆಚೆ ಹೋದರೆ ವ್ಯರ್ಥ. ಒಂದೇ ಮಡುವಿಗೆ ಒಂದು ಗಂಟೆ ಕೊಡುವ ತಾಳ್ಮೆ ಇಲ್ಲದವರು ಮೇ ತಿಂಗಳವರೆಗೆ ಕಾಯುವುದು ಒಳ್ಳೆಯದು. ನಾನು ಮೊದಲು ಹಾಕುವುದು ಪಿಂಕ್ ಸ್ಕ್ವಿರಲ್ ಅನ್ನುವ ಇದೇ ಭಾಗದಲ್ಲಿ ಹುಟ್ಟಿದ ನಿಂಫ್, ಇಲ್ಲವೇ ಒರತೆ ನೀರಿನ ಸೊಪ್ಪಿನಲ್ಲಿ ವರ್ಷವಿಡೀ ಇರುವ ಸ್ಕಡ್ ಅನ್ನುವ ಸಣ್ಣ ಸೀಗಡಿಯ ನಕಲು.

ಹುಳುಗಳ ವಿಷಯ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಹಿಮದ ಮೇಲೆ ಹುಳು ನಡೆಯುವುದನ್ನು ನೋಡಿದ್ದೀರಾ? ಚಳಿಗಾಲದ ಸ್ಟೋನ್‌ಫ್ಲೈ ಅಂತ ಇದೆ. ಕಪ್ಪು, ತೆಳ್ಳಗೆ, ಒಂದು ಸೆಂಟಿಮೀಟರ್‌ಗಿಂತ ಕಡಿಮೆ, ರೆಕ್ಕೆ ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿಕೊಂಡಿರುತ್ತದೆ. ಇದರ ಮರಿ ನೀರಿನಲ್ಲಿ ಕೊಳೆತ ಎಲೆ ತಿಂದು ಚಳಿಗಾಲದಲ್ಲೇ ಬೆಳೆಯುತ್ತದೆ, ಬೇರೆ ಹುಳುಗಳೆಲ್ಲ ಕಾಯುತ್ತಿರುವಾಗ ಇದು ಫೆಬ್ರವರಿ, ಮಾರ್ಚ್‌ನಲ್ಲೇ ದಂಡೆಗೆ ತೆವಳಿ ಬಂದು ಪೊರೆ ಕಳಚಿ ರೆಕ್ಕೆ ಪಡೆಯುತ್ತದೆ. ಹಾರುವುದಕ್ಕಿಂತ ನಡೆಯುವುದೇ ಜಾಸ್ತಿ. ಬಿಳಿ ಹಿಮದ ಮೇಲೆ ಕಪ್ಪು ಚುಕ್ಕೆಗಳು ಅವಸರದಲ್ಲಿ ಓಡಾಡುತ್ತಿರುತ್ತವೆ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದಂತೆ ನೇರ ಗೆರೆಯಲ್ಲಿ. ಕೆಲವು ಕೈಗವಸಿನ ಮೇಲೂ ಹತ್ತುತ್ತವೆ. ಇವು ಶುದ್ಧ, ಆಮ್ಲಜನಕ ತುಂಬಿದ ತಣ್ಣೀರಿನಲ್ಲಿ ಮಾತ್ರ ಬದುಕುತ್ತವೆ, ಹಾಗಾಗಿ ಇವು ಕಂಡರೆ ನನಗೆ ಮೀನು ಸಿಕ್ಕಷ್ಟೇ ಖುಷಿ. ಇವುಗಳ ಜೊತೆ ಮಿಡ್ಜ್ ಅನ್ನುವ ನೊರಜು, ಅದು ಎರಡು ಮೂರು ಮಿಲಿಮೀಟರ್. ಗಾಳಿಯಿಲ್ಲದ ಮಧ್ಯಾಹ್ನ ಮಡುವಿನ ಬಾಲದಲ್ಲಿ ಸಣ್ಣ ಉಂಗುರಗಳು ಏಳುತ್ತಿದ್ದರೆ ಟ್ರೌಟ್ ಅದನ್ನು ತಿನ್ನುತ್ತಿದೆ. ಅದಕ್ಕೆ 22, 24ನೇ ನಂಬರಿನ, ಅಂದ್ರೆ ತೀರಾ ಸಣ್ಣ ಕೊಕ್ಕೆ ಬೇಕು. ಕೂದಲಿನಷ್ಟು ತೆಳುವಾದ ದಾರವನ್ನು ಮರಗಟ್ಟಿದ ಬೆರಳಿನಿಂದ ಆ ಕೊಕ್ಕೆಯ ಕಣ್ಣಿಗೆ ಪೋಣಿಸುವುದು ಈ ಕಾಲದ ಅತಿ ಕಷ್ಟದ ಕೆಲಸ. ಮನೆಯಲ್ಲೇ ಹತ್ತಾರು ಹುಳುಗಳಿಗೆ ದಾರ ಕಟ್ಟಿ ಸುತ್ತಿ ಇಟ್ಟುಕೊಂಡು ಹೋಗುವುದು ಜಾಣತನ. ಮಾರ್ಚ್ ಕೊನೆಗೆ ಬ್ಲೂ ವಿಂಗ್ಡ್ ಆಲಿವ್ ಅನ್ನುವ ಸಣ್ಣ ಹುಳು ಶುರುವಾಗುತ್ತದೆ, ಅದಕ್ಕೂ ಮೋಡದ ದಿನವೇ ಇಷ್ಟ.

ಕಾಲಿನ ವಿಷಯ ಬೇಗ ಮುಗಿಸುತ್ತೇನೆ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿ ಬೂಟಿಗೆ ತುರುಕಬೇಡಿ, ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಒಂದು ಉಣ್ಣೆಯ ಸಾಕ್ಸ್, ಬೆರಳು ಆಡಿಸಲು ಜಾಗ. ಫೆಲ್ಟ್ ಅಡಿಯ ಬೂಟು ಬೇಸಿಗೆಗೆ ಇರಲಿ. ಹಿಮದ ಮೇಲೆ ಹತ್ತು ಹೆಜ್ಜೆ ಇಟ್ಟರೆ ಅದರ ಕೆಳಗೆ ಹಿಮ ಅಂಟಿ ಉಂಡೆಯಾಗಿ ಕಣಕಾಲು ತಿರುಚುತ್ತದೆ. ಮೊಳೆ ಇರುವ ರಬ್ಬರ್ ಅಡಿ ಬೇಕು. ದಂಡೆಯಿಂದ ನೀರಿನ ಮೇಲೆ ಚಾಚಿರುವ ಮಂಜುಗಡ್ಡೆಯ ಮೇಲೆ ಎಂದೂ ಕಾಲಿಡಬೇಡಿ, ಅದರ ಕೆಳಗೆ ನೀರು ಇಳಿದುಹೋಗಿ ಬರೀ ಗಾಳಿ ಇರುತ್ತದೆ. ಸೊಂಟಕ್ಕೆ ವೇಡರ್ (ನೀರು ಒಳಬಿಡದ ಉಡುಪು) ಬೆಲ್ಟ್ ಬಿಗಿಯಾಗಿರಲಿ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ. ಒಬ್ಬರೇ ಹೋಗುವುದಾದರೆ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯಬೇಡಿ. 3 ಡಿಗ್ರಿಯ ನೀರಿನಲ್ಲಿ ಬಿದ್ದರೆ ಮೊದಲ ಕ್ಷಣದಲ್ಲೇ ಉಸಿರು ಕಟ್ಟುತ್ತದೆ, ಕೆಲವೇ ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ. ವಾಪಸ್ ಬಂದ ಮೇಲೆ ಬೂಟನ್ನು ಹೊರಗೇ ರಾತ್ರಿ ಹೆಪ್ಪುಗಟ್ಟಲು ಬಿಡಿ. 2013ರಲ್ಲಿ ಬ್ಲ್ಯಾಕ್ ಅರ್ತ್ ಕ್ರೀಕ್‌ನಲ್ಲಿ ನ್ಯೂಜಿಲೆಂಡ್ ಮಡ್‌ಸ್ನೇಲ್ ಅನ್ನುವ ಕೆಲವೇ ಮಿಲಿಮೀಟರ್ ಉದ್ದದ ಬಸವನಹುಳು ಪತ್ತೆಯಾಯಿತು, ಅದು ಬೂಟಿಗೆ ಅಂಟಿಕೊಂಡು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಹೆಪ್ಪುಗಟ್ಟಿಸಿದರೆ ಸಾಯುತ್ತದೆ. ಬೆಳಿಗ್ಗೆ ಬೂಟು ಕಲ್ಲಾಗಿರುತ್ತದೆ, ಬಿಸಿನೀರು ಹುಯ್ಯಬೇಕು, ಆದರೂ ಮಾಡಲೇಬೇಕಾದ ಕೆಲಸ.

ಹೆಜ್ಜೆ ಎಲ್ಲಿಡುತ್ತೀರಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ಅದು ಎಲ್ಲಕ್ಕಿಂತ ಮುಖ್ಯ. ಈ ಹೊಳೆಗಳ ಸ್ವಂತ ಮೀನು ಬ್ರೂಕ್ ಟ್ರೌಟ್. ಬ್ರೌನ್ ಟ್ರೌಟ್ 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದದ್ದು. ಎರಡೂ ಮೊಟ್ಟೆ ಇಡುವುದು ಶರತ್ಕಾಲದಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ. ಹೆಣ್ಣು ಮೀನು ಬಾಲದಿಂದ ಸಣ್ಣ ಜಲ್ಲಿಯನ್ನು ಗುಡಿಸಿ ತಗ್ಗು ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಆ ಮೊಟ್ಟೆಗಳು ಚಳಿಗಾಲವಿಡೀ ಕಲ್ಲಿನ ಸಂದಿಯಲ್ಲಿ ಹರಿಯುವ ಒರತೆ ನೀರಿನಿಂದ ಉಸಿರಾಡುತ್ತವೆ. ಚಳಿಗಾಲದ ಕೊನೆಗೆ ಒಡೆದು ಮರಿಯಾಗುತ್ತವೆ, ಆದರೆ ಕೂಡಲೇ ಹೊರಗೆ ಬರುವುದಿಲ್ಲ. ಹೊಟ್ಟೆಯ ಕೆಳಗೆ ಅಂಟಿದ ಹಳದಿ ಚೀಲದ ಆಹಾರ ಮುಗಿಯುವವರೆಗೆ ಜಲ್ಲಿಯೊಳಗೇ ಇರುತ್ತವೆ. ಅಂದರೆ ನಾವು ಮಾರ್ಚ್‌ನಲ್ಲಿ ನೀರಿಗಿಳಿದಾಗ ನಮ್ಮ ಬೂಟಿನ ಕೆಳಗೆ ಮುಂದಿನ ತಲೆಮಾರು ಇರಬಹುದು. ಮಡುವಿನ ಬಾಲದಲ್ಲಿ, ಸುತ್ತಲಿನ ಪಾಚಿಗಟ್ಟಿದ ಕಲ್ಲಿಗಿಂತ ತಿಳಿ ಬಣ್ಣದ, ತೊಳೆದಿಟ್ಟಂಥ ಅಂಡಾಕಾರದ ಜಲ್ಲಿ ಕಂಡರೆ ಅದೇ ಗೂಡು. ಮಾರ್ಚ್ ಹೊತ್ತಿಗೆ ಬಣ್ಣ ಮಾಸಿರುತ್ತದೆ, ಗುರುತು ಹಿಡಿಯುವುದು ಕಷ್ಟ. ಹಾಗಾಗಿ ನಾನು ಸಣ್ಣ ಜಲ್ಲಿಯ ಮೇಲೆ ಕಾಲಿಡುವುದೇ ಇಲ್ಲ, ದಪ್ಪ ಕಲ್ಲು ಅಥವಾ ಕೆಸರಿನ ಅಂಚು ಹುಡುಕುತ್ತೇನೆ. ನಾಲ್ಕು ಹೆಜ್ಜೆ ಸುತ್ತು ಆದರೆ ಆಗಲಿ.

ಹಿಡಿದ ಮೀನನ್ನೂ ಹಾಗೇ ನೋಡಿಕೊಳ್ಳಬೇಕು. ಈ ಕಾಲದಲ್ಲಿ ಹಿಡಿದದ್ದನ್ನೆಲ್ಲ ಬಿಡಲೇಬೇಕು ಅಂತ ಇಲ್ಲಿನ ಕಾನೂನೇ ಇದೆ, ನಿಜವಾದ ಎರೆ ಹಾಕುವಂತಿಲ್ಲ, ಕೃತಕ ಹುಳು ಮಾತ್ರ. ಆದರೆ ಬಿಟ್ಟ ಮೀನು ಬದುಕಬೇಕಲ್ಲ? ಗಾಳಿ ಮೈನಸ್ ಐದಿದ್ದಾಗ ಮೀನನ್ನು ನೀರಿನಿಂದ ಎತ್ತಿದರೆ ಕಿವಿರಿನ ತೆಳು ಎಸಳುಗಳ ಮೇಲಿನ ನೀರು ಕ್ಷಣಗಳಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ, ಕಣ್ಣಿಗೂ ಪೆಟ್ಟು. ಫೋಟೋ ಬೇಡ. ಬಲೆಯನ್ನು ನೀರಿನಲ್ಲೇ ಇಟ್ಟು, ಕೈಗವಸು ಕಳಚಿ, ಕೈ ಒದ್ದೆ ಮಾಡಿ, ಕೊಕ್ಕೆ ತೆಗೆದು ಬಿಡಿ. ಒಣ ಉಣ್ಣೆ ಗವಸಿನಿಂದ ಹಿಡಿದರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ, ರೋಗ ತಗಲುತ್ತದೆ. ನಾನು ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕಿ ಬೆಳೆದವನು. ತಿನ್ನದೆ ಬಿಡುವುದಾದರೆ ಹಿಡಿಯುವುದು ಯಾಕೆ ಅಂತ ಊರಿನಿಂದ ಅಮ್ಮ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ನೀರು 2 ಡಿಗ್ರಿಗಿಂತ ಕೆಳಗಿದ್ದರೆ ನಾನು ಈಗ ಕೋಲು ಜೋಡಿಸುವುದೇ ಇಲ್ಲ, ಹೊಳೆ ಗುಂಟ ನಡೆದು ವಾಪಸ್ ಬರುತ್ತೇನೆ.

ಮಿನಿಯಾಪೊಲಿಸ್, ಶಿಕಾಗೋ ಕಡೆ ಇರುವ ಕನ್ನಡಿಗರು ಕೆಲವರು ಎಲ್ಲಿಗೆ ಬರಬೇಕು ಅಂತ ಕೇಳುತ್ತಿರುತ್ತಾರೆ. ವಿರೋಕ್ವ ಊರನ್ನು ನಡುವೆ ಇಟ್ಟುಕೊಳ್ಳಿ. ಸುತ್ತಲೂ ಟಿಂಬರ್ ಕೂಲಿ, ವೆಸ್ಟ್ ಫೋರ್ಕ್ ಕಿಕಪೂ. ವೆಸ್ಟ್ ಫೋರ್ಕ್ ದಂಡೆಯಲ್ಲಿ ಅವಲಾಂಚ್ ಅನ್ನುವ ಪುಟ್ಟ ಊರಿದೆ. ನಮ್ಮ ಊಟಿ ಪಕ್ಕದ ಅವಲಾಂಚ್‌ನಲ್ಲೂ ಬ್ರಿಟಿಷರ ಕಾಲದಿಂದ ಟ್ರೌಟ್ ಮರಿ ಸಾಕುವ ಕೇಂದ್ರ ಇದೆ, ನೀಲಗಿರಿಗೆ ಹೋಗಿಬಂದವರಿಗೆ ಗೊತ್ತಿರುತ್ತದೆ. ವಿಸ್ಕಾನ್ಸಿನ್‌ನಲ್ಲಿ ಸೇತುವೆ ಹತ್ತಿರ ಸಾರ್ವಜನಿಕ ಜಾಗದಿಂದ ನೀರಿಗಿಳಿದರೆ ಹೊಳೆಯೊಳಗೇ ನಡೆದುಕೊಂಡು ಖಾಸಗಿ ಜಮೀನು ದಾಟಬಹುದು, ಕಾಲು ನೀರಿನಲ್ಲಿರಬೇಕು ಅಷ್ಟೇ. ದಂಡೆ ಹತ್ತಿದರೆ ಮಾಲೀಕರ ಅನುಮತಿ ಬೇಕು. ಎಷ್ಟೋ ಕಡೆ ಸರ್ಕಾರ ರೈತರಿಂದ ದಂಡೆಯ ಹಕ್ಕನ್ನು ಕೊಂಡುಕೊಂಡಿದೆ, ಅಲ್ಲಿ ಬೇಲಿ ದಾಟಲು ಮೆಟ್ಟಿಲು ಇಟ್ಟಿರುತ್ತಾರೆ. ಹಿಡಿದು ಬಿಡುವ ಈ ಮುಂಗಡ ಸೀಸನ್ ಜನವರಿಯ ಮೊದಲ ಶನಿವಾರ ಶುರುವಾಗಿ ಮೇ ತಿಂಗಳ ಮೊದಲ ಶನಿವಾರದ ಹಿಂದಿನ ದಿನ ಮುಗಿಯುತ್ತದೆ. ಮೀನುಗಾರಿಕೆ ಲೈಸೆನ್ಸ್ ಜೊತೆಗೆ ಟ್ರೌಟ್ ಸ್ಟ್ಯಾಂಪ್ ಅನ್ನುವ ಪರವಾನಗಿ ಬೇರೆ ತೆಗೆದುಕೊಳ್ಳಬೇಕು. ಫೆಬ್ರವರಿಯಲ್ಲಿ ಕೊಂಡವರು ಗಮನಿಸಿ: ಇಲ್ಲಿನ ಲೈಸೆನ್ಸ್ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಬರುವುದಾದರೆ ಹೊಸದು ಬೇಕು.